ಮೂರು ಬೀಗದ ಪೆಟ್ಟಿಗೆ

ಕ್ರಿಪ್ಟೊ ಕಂಪೆನಿಯೊಂದರ ಪ್ರಾಡಕ್ಟ್ ಮ್ಯಾನೇಜರ್ ಹುದ್ದೆಗೆ ನಾನು ಅರ್ಜಿ ಹಾಕಿದ್ದು ನಲವತ್ತಾರನೆಯ ವಯಸ್ಸಿನಲ್ಲಿ. ಹಿಂದಿನ ಕಂಪೆನಿ ಮುಚ್ಚಿದ ಮೇಲೆ ಮನೆಯಲ್ಲೇ ಇದ್ದೆ. ಈ ಸಲವೂ ಸಿಗದಿದ್ದರೆ ಇನ್ನು ಹುಡುಕುವುದಿಲ್ಲ ಎಂದುಕೊಂಡಿದ್ದೆ. ಕೊನೆಯ ಸಂದರ್ಶನಕ್ಕೆ ಮಣ್ಣಗುಡ್ಡದ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂತೆ.

"ಹಲವರು ಸೇರಿ ಇಟ್ಟ ಹಣವನ್ನು ಒಬ್ಬರೇ ತೆಗೆಯದ ಹಾಗೆ ಹೇಗೆ ಕಾಯುತ್ತೀರಿ?" ಎಂದು ಕೇಳಿದರು. ಓದಿಕೊಂಡ ಉತ್ತರ ಮರೆತೇಹೋಯಿತು. ನೆನಪಾದದ್ದು ನಮ್ಮ ಕುಟುಂಬದ ದೈವದ ಒಡವೆ ಪೆಟ್ಟಿಗೆ. ಅದಕ್ಕೆ ಮೂರು ಬೀಗ; ಬೀಗದ ಕೈಗಳು ಮೂರು ಮನೆಗಳಲ್ಲಿ. ದೈವದ ಉತ್ಸವವಾದ ನೇಮದ ದಿನ ಮೂವರೂ ಬಂದರೆ ಮಾತ್ರ ಅದು ತೆರೆಯುತ್ತದೆ. ಒಮ್ಮೆ ಕುಲಶೇಖರದ ಸೋದರಮಾವನ ಬಸ್ಸು ತಡವಾಗಿ ಇಡೀ ಕುಟುಂಬ ಅಂಗಳದಲ್ಲಿ ಕಾದಿತ್ತು. "ಅದಕ್ಕೇ ನಾನಾದರೆ ಮೂರರಲ್ಲಿ ಎರಡು ಸಾಕು ಎಂದು ಮಾಡುತ್ತೇನೆ" ಎಂದೆ. ಅವರು ನಕ್ಕು ಬರೆದುಕೊಂಡರು.

ಮರುವಾರ ಕೆಲಸ ಸಿಕ್ಕಿತು. ಆ ಬೀಗದ ಕೈಗಳಲ್ಲಿ ಒಂದನ್ನು ಇಟ್ಟುಕೊಂಡಿರುವ ಅಮ್ಮನಿಗೆ ಹೇಳಿದೆ.

"ಎಂತ ಕೆಲಸ?"

"ಜನರ ದುಡ್ಡಿನ ಕೀ ಯಾರ ಹತ್ರ, ಹೇಗೆ ಇರ್ಬೇಕು ಅಂತ ನೋಡ್ಲಿಕ್ಕೆ."

"ಅದಕ್ಕೆ ಸಂಬಳ ಬೇರೆ ಉಂಟಾ? ನಾನು ಇಷ್ಟು ವರ್ಷ ಪುಕ್ಕಟೆ ನೋಡಿದೆನಲ್ಲ ಮಾರಾಯ್ತಿ" ಎನ್ನುತ್ತ ಅಮ್ಮ ನನ್ನ ತಟ್ಟೆಗೆ ಇನ್ನೊಂದು ನೀರುದೋಸೆ ಹಾಕಿದರು.