ಕೌದಿಯ ಹೊಟ್ಟೆ

ಹೊದೆಯುವ ಕೌದಿಯನ್ನು ಮೊಳೆ ಹೊಡೆದು ಗೋಡೆಗೆ ತೂಗುಹಾಕಿದ್ದನ್ನು ನಾನು ಮೊದಲು ಕಂಡದ್ದು ಪಶ್ಚಿಮ ಜರ್ಮನಿಯ ಒಂದು ಅಂಗಡಿಯಲ್ಲಿ. ಅದರ ಮುಂದೆ ನಾಲ್ಕು ಮಂದಿ ಕೈಕಟ್ಟಿಕೊಂಡು, ದೇವರ ದರ್ಶನಕ್ಕೆ ಬಂದವರ ಹಾಗೆ ನಿಂತಿದ್ದರು. ನಾನು ನೆಟ್ಟಗೆ ಹೋಗಿ ಅದರ ಮೂಲೆ ಹಿಚುಕಿದೆ. ಬಟ್ಟೆಯೊಳಗೆ ಜೋಳದ ಕಾಳು ಬೆರಳಿಗೆ ಹತ್ತಿದವು. ಪಕ್ಕದ ಚೀಟಿಯಲ್ಲೊಂದು ಫೋಟೊ. ದುಂಡಸಿಯ ನನ್ನ ಚಿಕ್ಕವ್ವ, ನೀಲವ್ವ.

ಯಾವುದೋ ಸಂಸ್ಥೆಯವರು ಬಂದು ಚಿಕ್ಕವ್ವನ ಕೌದಿ ಒಯ್ಯುತ್ತಾರೆಂದು ಅವ್ವ ಬರೆದಿದ್ದಳು. ಎಲ್ಲಿಗೆ ಎಂಬುದು ಅವಳಿಗೂ ಗೊತ್ತಿರಲಿಲ್ಲ. ಮಾತಿಗೊಮ್ಮೆ ನಗುವ ಚಿಕ್ಕವ್ವ ಆ ಫೋಟೊದಲ್ಲಿ ಮೋರೆ ಸಪ್ಪಗೆ ಮಾಡಿಕೊಂಡಿದ್ದಳು. ನಗಬೇಡ ಎಂದು ಯಾರೋ ಹೇಳಿಕೊಟ್ಟಿರಬೇಕು. ಬಡವರು ಹಲ್ಲು ಬಿಟ್ಟರೆ ಕೊಳ್ಳುವವರಿಗೆ ಪುಣ್ಯ ಬಂದಂತೆ ಅನ್ನಿಸುವುದಿಲ್ಲವಲ್ಲ.

ಆ ಅಂಗಡಿಗೆ 'ದ್ರಿತ್ತೆ ವೆಲ್ಟ್ ಲಾಡೆನ್' ಎನ್ನುತ್ತಿದ್ದರು. ಮೂರನೆಯ ಜಗತ್ತಿನ ಅಂಗಡಿ ಎಂದರ್ಥ. ನಾನು ಶಿಗ್ಗಾಂವಿ ತಾಲ್ಲೂಕಿನವಳು ಎಂದಷ್ಟೇ ತಿಳಿದುಕೊಂಡಿದ್ದೆ; ನನ್ನ ಜಗತ್ತಿಗೆ ನಂಬರು ಇರುವುದು ತಿಳಿದದ್ದು ಅಲ್ಲಿ. ಬಡ ದೇಶಗಳಿಂದ ನ್ಯಾಯದ ಬೆಲೆಗೆ ಕೊಂಡದ್ದು ಎಂದು ಹೇಳಿ ಚಹಾ, ಕಾಫಿ, ಸೆಣಬಿನ ಚೀಲ ಮಾರುತ್ತಿದ್ದರು. ನಮ್ಮಲ್ಲಿ ಗೊಬ್ಬರ ತುಂಬುವಂಥ ಚೀಲವನ್ನು ಹೆಗಲಿಗೆ ಹಾಕಿಕೊಂಡು ಇವರು ಊರೆಲ್ಲ ಮೆರೆಯುತ್ತಿದ್ದರು.

ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತು, ಎಪ್ಪತ್ತರ ದಶಕದ ಕೊನೆಗೆ ನಾನು ಜರ್ಮನಿಯ ಈ ಊರಿನ ಆಸ್ಪತ್ರೆಯೊಂದಕ್ಕೆ ಸೇರಿದ್ದೆ. ವಾಸ 'ವೋನ್‌ಹೈಮ್'ನಲ್ಲಿ, ಅಂದರೆ ನರ್ಸುಗಳ ವಸತಿಗೃಹದಲ್ಲಿ. ದುಂಡಸಿಯಲ್ಲಿ ಯಾರ ಮನೆಗೆ ಹೊಕ್ಕರೂ ಮೊದಲು ನೀರು ಕೊಟ್ಟು ಆಮೇಲೆ ಯಾಕೆ ಬಂದೆ ಎಂದು ಕೇಳುತ್ತಾರೆ. ಇಲ್ಲಿ ಪಕ್ಕದ ಕೋಣೆಯವಳೊಡನೆ ಚಹಾ ಕುಡಿಯಲು ಎಂಟು ದಿನ ಮೊದಲೇ ಹೇಳಿಟ್ಟಿರಬೇಕು. ನಮ್ಮಲ್ಲಿ ಒಂದು 'ರಿ' ಹಚ್ಚಿದರೆ ಮುಗಿಯುವ ಮರ್ಯಾದೆಗೆ ಇಲ್ಲಿ 'ಬಿಟ್ಟೆ, ಬಿಟ್ಟೆ' ಎಂದು ದಯವಿಟ್ಟುಗಳ ಸಾಲು. ಇಷ್ಟು ದಯೆಯ ನಡುವೆ ನನ್ನ ಹೆಸರನ್ನು ಸರಿಯಾಗಿ ಕರೆಯುವವರು ಒಬ್ಬರೂ ಇರಲಿಲ್ಲ. ಭಾನುವಾರ ಕಿಟಕಿಗೆ ಕೂತು ಅತ್ತದ್ದೂ ಉಂಟು.

ಜೋಳದ ಹಿಟ್ಟು ಸಿಗುತ್ತಿರಲಿಲ್ಲ. 'ರೊಗೆನ್' ಎಂಬ ಧಾನ್ಯದ ಕಂದು ಹಿಟ್ಟು ತಂದು, ಕುದಿಯುವ ನೀರು ಹಾಕಿ ನಾದಿ ರೊಟ್ಟಿ ಬಡಿದೆ. ಎರಡು ಸಲ ಒಡೆದು ಚೂರಾಯಿತು. ಮೂರನೆಯ ಸಲ ಇಡಿಯಾಗಿ ಎದ್ದಿತು. ಈ ದೇಶದಲ್ಲಿ ನಾನು ಗೆದ್ದದ್ದು ಎಂದರೆ ಅದೊಂದೇ.

ಫೋಟೊದವಳು ನನ್ನ ಚಿಕ್ಕವ್ವ ಎಂದು ತಿಳಿದ ಮೇಲೆ ಅಂಗಡಿಯವರು ನನ್ನನ್ನು ತಮ್ಮ ಸಭೆಗೆ ಕರೆದರು. ಸಂಬಳವಿಲ್ಲದೆ ದುಡಿಯುವ ಹೆಂಗಸರು ಅವರು. ಹಿಲ್ಡೆ ಎಂಬಾಕೆ ಮುಖ್ಯಸ್ಥೆ. ಗಿರಾಕಿಯೊಬ್ಬರ ಬಿಳಿ ಗೋಡೆಯ ಮೇಲೆ ಕೌದಿಯಿಂದ ಹುಳು ಹರಿದು ಬಂದವಂತೆ.

"ಮೂಲೆಯಲ್ಲಿ ಕಾಳು ತುಂಬುವುದನ್ನು ನಿಲ್ಲಿಸದಿದ್ದರೆ ನಾವು ಇನ್ನು ಕೌದಿ ತರಿಸಲಾರೆವು. ನಿಮ್ಮ ಭಾಷೆಯಲ್ಲಿ ಒಂದು ಕಾಗದ ಬರೆದುಕೊಡಿ" ಎಂದಳು.

"ನ್ಯಾಯದ ಬೆಲೆ ಕೊಡುತ್ತೇವೆ ಅನ್ನುತ್ತೀರಿ. ಆ ನ್ಯಾಯ ನಿಗದಿ ಮಾಡುವಾಗ ದುಂಡಸಿಯವರು ಯಾರಾದರೂ ಇದ್ದರೇ?" ಎಂದೆ.

"ಇಲ್ಲ. ಆದರೆ ನಾವು ಯೋಚಿಸುವುದು ಅವರ ಪರವಾಗಿಯೇ" ಎಂದು ಹಿಲ್ಡೆ ನನ್ನ ತಟ್ಟೆಗೆ ಇನ್ನೊಂದು ತುಂಡು ಕೇಕು ಇಟ್ಟಳು. ನಾನು ಅದನ್ನು ತಿಂದೆ.

ಕೌದಿ ಮುಗಿದಾಗ ನಾಲ್ಕೂ ಮೂಲೆಗೆ ನಾಲ್ಕು ಕಾಳು ಹಾಕಿ ಹೊಲಿಯುವುದು ನಮ್ಮ ಮನೆಯ ಪದ್ಧತಿ. "ಹೊಟ್ಟಿ ಖಾಲಿ ಇದ್ದ ಕೌದಿ ಹೊದ್ದರ ನಿದ್ದಿ ಹತ್ತೂದಿಲ್ಲವಾ" ಎಂದು ಚಿಕ್ಕವ್ವ ಹೇಳುತ್ತಿದ್ದಳು. ಮೊದಲು ಊರವರೇ ಹೊಲಿಸಿ ಜೋಳ ಅಳೆದು ಕೊಡುತ್ತಿದ್ದರು. ಶಿಗ್ಗಾಂವಿ ಸಂತೆಗೆ ಗಿರಣಿಯ ಚಾದರ ಬಂದ ಮೇಲೆ ಕೌದಿ ಯಾರಿಗೂ ಬೇಡವಾಯಿತು. ಈಗ ಚಿಕ್ಕವ್ವನಿಗೂ ಜೊತೆಯ ಹೆಂಗಸರಿಗೂ ಈ ಅಂಗಡಿಯೇ ಗತಿ. ನಾನು ಜಗಳ ತೆಗೆದರೆ ಅವರ ಒಲೆ ಆರುತ್ತಿತ್ತು. ಗೋಡೆ, ಹುಳು, ಶುಚಿತ್ವ ಎಂದೆಲ್ಲ ಹಿಲ್ಡೆ ಹೇಳಿದ್ದನ್ನು ಹೇಳಿದಂತೆಯೇ ಕನ್ನಡದಲ್ಲಿ ಬರೆದೆ. ಕೊನೆಗೆ ದಯವಿಟ್ಟು ಎಂದೂ ಸೇರಿಸಿದೆ. ಅಂಗಡಿಯವರ ಮೇಲಿದ್ದ ತಾತ್ಸಾರವೆಲ್ಲ ಆ ದಿನ ನನ್ನ ಮೇಲೇ ತಿರುಗಿತು.

ಎರಡು ತಿಂಗಳಿಗೆ ಒಂದು ಗಂಟೂ ಕಾಗದವೂ ಬಂದವು. ಊರ ಮಾಸ್ತರರು ಚಿಕ್ಕವ್ವ ಆಡಿದ್ದನ್ನು ಆಡಿದ ಹಾಗೇ ಬರೆದಿದ್ದರು:

"ಗಿರಿಜಾ, ನಿನ್ನ ಅಕ್ಷರ ನೋಡಿ ಖುಷಿ ಆತು. ಮಾತು ಮಾತ್ರ ನಿನ್ನವು ಅನಿಸಲಿಲ್ಲ. ಇರಲಿ. ಅವರ ಕೌದಿಗೆ ಕಾಳು ಹಾಕೂದಿಲ್ಲ ಅಂತ ಹೇಳು. ಗ್ವಾಡಿಗೆ ತೂಗಹಾಕೂದಕ್ಕ ಹೊಟ್ಟಿ ಯಾಕ ಬೇಕು? ಹೊದ್ದು ಮಲಗಾವ್ರಿಗೆ ಬೇಕು. ನಿನಗ ಬ್ಯಾರೆ ಒಂದು ಹೊಲದು ಕಳಿಸೇನಿ. ಮೂರು ಮೂಲಿ ತುಂಬೇನಿ, ನಾಕನೇದ್ದು ಹಂಗ ಬಿಟ್ಟೇನಿ. ಅಲ್ಲಿ ಏನು ಉಣ್ಣಾಕತ್ತೀಯೋ ಆ ಕಾಳು ಹಾಕಿ ನೀನ ಹೊಲಕೋ."

ಹಿಲ್ಡೆಗೆ ನಾನು ಹೇಳಿದ್ದು ಇಷ್ಟೇ: ಇನ್ನು ಕಾಳು ಹಾಕುವುದಿಲ್ಲವಂತೆ. "ಎಷ್ಟು ವಿನಯದ ಹೆಂಗಸರು" ಎಂದು ಆಕೆ ಕಣ್ಣು ತೇವ ಮಾಡಿಕೊಂಡಳು.

ಊರಿಂದ ತಂದ ಜೋಳ ತೀರಿ ಯಾವ ಕಾಲವಾಗಿತ್ತೋ. ಆಸ್ಪತ್ರೆಯ ಅಡುಗೆಮನೆಯಲ್ಲಿ ಒಂದು ಚಿಟಿಕೆ ರೊಗೆನ್ ಕಾಳು ಕೇಳಿ ತಂದು, ನಾಲ್ಕನೆಯ ಮೂಲೆಗೆ ಹಾಕಿ ಹೊಲಿದೆ. ಇಲ್ಲಿಯ ಚಳಿಗೆ ಆ ಕೌದಿಯೇ ಸರಿ, ನಿದ್ದೆಯೂ ಚೆನ್ನಾಗಿ ಬರುತ್ತದೆ. ಆದರೆ ಹೊದ್ದುಕೊಳ್ಳುವಾಗ ಒಂದೊಂದೇ ಮೂಲೆ ಹಿಚುಕಿ ನೋಡಿ, ರೊಗೆನ್ ತುಂಬಿದ ಆ ಒಂದನ್ನು ಮಾತ್ರ ಕಾಲ ಕಡೆಗೆ ತಿರುಗಿಸಿಕೊಳ್ಳುತ್ತೇನೆ.