ಏಳನೆಯ ದಿನಕ್ಕೆ ಕಾದ ಜ್ವರ

ಪ್ರಾಚೀನ ಗ್ರೀಕರು, ರೋಮನ್ನರು ದೇಹವನ್ನೂ ಆರೋಗ್ಯವನ್ನೂ ಹೇಗೆ ಕಂಡರೆಂಬುದನ್ನು ಗುಜರಾತಿನ ತರಗತಿಗಳಲ್ಲಿ ಕಣ್ಣಿಗೆ ಕಟ್ಟುವಂತೆ ಹೇಳಿದವರಲ್ಲಿ ಪ್ರೊ. ಕೇಶವ ಉಪಾಧ್ಯರು ಅಗ್ರಗಣ್ಯರು. ಅಹಮದಾಬಾದಿನಲ್ಲಿ ಅಧ್ಯಾಪನ ಆರಂಭಿಸಿ, ವಡೋದರಾದಲ್ಲಿ ನೆಲೆನಿಂತು, ಈ ೧೯೬೯ರಲ್ಲಿ ನಿವೃತ್ತರಾಗುತ್ತಿರುವ ಮಾನ್ಯರ ಪಾಠವೆಂದರೆ ಹಗಲುಗನಸಿನ ಸುಖ. ರೋಮಿನ ಸ್ನಾನಗೃಹಗಳ ಹಬೆ, ದೇವರು ಕನಸಿನಲ್ಲಿ ಬಂದು ಮದ್ದು ಹೇಳಲೆಂದು ಗುಡಿಯಲ್ಲಿ ಮಲಗಿದ ರೋಗಿಗಳು... ಗಂಟೆ ಬಾರಿಸಿದರೂ ವಿದ್ಯಾರ್ಥಿಗಳು ಆ ಲೋಕದಿಂದ ಏಳುತ್ತಿರಲಿಲ್ಲ.

ಸೂರತ್ತಿನಲ್ಲಿ ಉಡುಪಿ ಹೋಟೆಲು ನಡೆಸುತ್ತಿದ್ದ ದಾಮೋದರರ ಮಗಳು, ವಡೋದರಾದಲ್ಲಿ ಓದುತ್ತಿದ್ದ ಗಿರಿಜಾಳಿಗಂತೂ ಮೇಷ್ಟ್ರ ಮಾತು ವೇದವಾಕ್ಯ. ೧೯೬೪ರ ದೀಪಾವಳಿ ರಜೆಗೆ ಮನೆಗೆ ಹೋದಾಗ ತಂದೆ ಜ್ವರದಲ್ಲಿ ಮಲಗಿದ್ದರು. ಜ್ವರ ಒಳಗೇ ಪಕ್ವವಾಗಿ ಏಳನೆಯ ದಿನ ಬಿಡುವುದೋ ಇಲ್ಲವೋ ತೀರ್ಮಾನವಾಗುತ್ತದೆ, ಅಲ್ಲಿಯವರೆಗೆ ಬಾರ್ಲಿ ಗಂಜಿ ಸಾಕು ಎಂಬ ಗ್ರೀಕ್ ವೈದ್ಯರ ನಂಬಿಕೆಯನ್ನು ಮೇಷ್ಟ್ರು ಹಿಂದಿನ ವಾರವಷ್ಟೇ ಮೈಮರೆತು ವರ್ಣಿಸಿದ್ದರು. ಗಿರಿಜಾ ಬಾರ್ಲಿ ಬೇಯಿಸಿದಳು.

"ಡಾಕ್ಟರು ಎಂತಕ್ಕೆ? ನಿನ್ನ ಮೇಷ್ಟ್ರು ಹೇಳಿದ್ದಲ್ವಾ, ಏಳು ದಿನ ಕಾಯುವ" ಎಂದರು ದಾಮೋದರರು, ಮಗಳ ಓದಿನ ಹೆಮ್ಮೆಯಲ್ಲಿ.

ಆರನೆಯ ದಿನ ಅವರಿಗೆ ಮಗಳ ಗುರುತೇ ಸಿಗಲಿಲ್ಲ. ಕಂಗಾಲಾದ ಗಿರಿಜಾ ಆಗಲೂ ಡಾಕ್ಟರನ್ನು ಬಿಟ್ಟು ಮೇಷ್ಟ್ರಿಗೆ ತಂತಿ ಕೊಟ್ಟಳು: ನಾಳೆ ಏಳನೆಯ ದಿನ, ಮುಂದೇನು? ಉಪಾಧ್ಯರು ಉಟ್ಟ ಬಟ್ಟೆಯಲ್ಲೇ ರೈಲು ಹತ್ತಿ ಬಂದು, ರೋಗಿಯನ್ನು ಆಸ್ಪತ್ರೆಗೆ ಸೇರಿಸಿದರು. ಅದು ವಿಷಮಶೀತಜ್ವರವಾಗಿತ್ತು. ರಜೆಯುದ್ದಕ್ಕೂ ಅವರು ಅಲ್ಲಿನ ಬೆಂಚು ಬಿಟ್ಟು ಕದಲಲಿಲ್ಲ. ದಾಮೋದರರು ಬದುಕಿದರು, ಒಂದು ಕಿವಿ ಮಾತ್ರ ಹೋಯಿತು.

ಮತ್ತೆ ಕಾಲೇಜು ತೆರೆದ ದಿನ ಉಪಾಧ್ಯರು, ಆ ಗ್ರೀಕ್ ವೈದ್ಯರು ತಮ್ಮ ಕೈಯಲ್ಲಿ ಸತ್ತ ರೋಗಿಗಳ ಕಥೆಯನ್ನೂ ಮುಚ್ಚಿಡದೆ ಬರೆದಿಟ್ಟರೆಂದು ಹೇಳಿ, ಸೂರತ್ತಿನ ರೋಗಿಯ ಒಂದೊಂದು ದಿನವನ್ನೂ ಹಲಗೆಯ ಮೇಲೆ ಬರೆದರು. ಕೊನೆಯ ಸಾಲು: 'ತಪ್ಪು ಅಧ್ಯಾಪಕನದು.'

ಗಿರಿಜಾ ಅಳುತ್ತ ಎದ್ದಳು. "ಸರ್, ತಪ್ಪು ನನ್ನದು. ನಾನಿನ್ನು ಓದುವುದಿಲ್ಲ."

ಅವರು ಹತ್ತಿರ ಬಂದು ಕನ್ನಡದಲ್ಲೇ ಹೇಳಿದರು: "ನೀ ನಂಬಿದ್ದು ತಪ್ಪಲ್ಲ ಮಾರಾಯ್ತಿ. ಎಲ್ಲಿ ನಂಬಬಾರದು ಅಂತ ಹೇಳದೆ ಬಿಟ್ಟದ್ದು ನಾನು. ಕೂತ್ಕೋ, ಬರಕೋ."

ಆಕೆ ಕುಳಿತಳು, ಬರೆದುಕೊಂಡಳು. ಇಂದು ಅದೇ ವಿಭಾಗದಲ್ಲಿ ಅಧ್ಯಾಪಕಿ.

ಉಪಾಧ್ಯರು ನೂರು ವಸಂತ ಕಾಣಲಿ, ಕೈಯಲ್ಲಿರುವ ಗ್ರಂಥ ಪೂರ್ಣವಾಗಲಿ ಎಂಬುದು ನಮ್ಮೆಲ್ಲರ ಹಾರೈಕೆ. ಅದರ ಮೊದಲ ಅಧ್ಯಾಯದ ಅಂಚಿನಲ್ಲಿ ಗಿರಿಜಾ ಈಗಾಗಲೇ ಹನ್ನೊಂದು ಕಡೆ 'ಒಪ್ಪಲಾರೆ' ಎಂದು ಬರೆದಿದ್ದಾರೆ. ಅದನ್ನು ಕಂಡ ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾಗಿದ್ದಾರೆ.