ಗಂಗುಬಾಯಿಯ ಹೆಗಲಿಗೆ ಬೀಳದ ಶಾಲು

ಮುಂಬಯಿಯಲ್ಲಿ ನೆಲೆಸಿದ ಉತ್ತರ ಕರ್ನಾಟಕದವರ ಡೋಣಿತೀರ ಪ್ರತಿಷ್ಠಾನದಲ್ಲಿ ಯಾರ ಹೆಗಲ ಮೇಲಾದರೂ ಶಾಲು ಬಿತ್ತೆಂದರೆ ಅವರ ಕೆಲಸ ಮುಗಿಯಿತೆಂದೇ ಅರ್ಥ. ಬೇರೆ ಸಂಘಗಳಲ್ಲಿ ಸನ್ಮಾನ ಮಾಡಿಸಿಕೊಂಡವರು ಫೋಟೊಗೆ ನಿಂತು, ಹಣ್ಣಿನ ಬುಟ್ಟಿ ಹಿಡಿದು ಮನೆಗೆ ಹೋಗಿ, ಮಾರನೆಯ ದಿನ ಮತ್ತೆ ಕೆಲಸಕ್ಕೆ ಬರುತ್ತಾರೆ. ಇಲ್ಲಿ ಹಾಗಲ್ಲ. ಸನ್ಮಾನಿತರನ್ನು ಸಲಹಾ ಮಂಡಳಿಗೆ ಸೇರಿಸಿ, ಪ್ರತಿ ಸಭೆಯಲ್ಲೂ ಮುಂದಿನ ಸಾಲಿನ ಸೋಫಾದ ಮೇಲೆ ಕೂರಿಸುತ್ತಾರೆ. ಅಲ್ಲಿಂದ ಮುಂದೆ ಅವರು ಸಲಹೆ ಕೊಡಬಹುದು, ಕೇಳುವವರು ಮಾತ್ರ ಯಾರೂ ಇರುವುದಿಲ್ಲ.

ಈ ಪದ್ಧತಿ ತಂದವರು ಈಗಿನ ಅಧ್ಯಕ್ಷ ನೀಲಕಂಠಪ್ಪನವರು. ಅಂಧೇರಿಯಲ್ಲಿ ಅವರದು ಬಟ್ಟೆ ಅಂಗಡಿ, ಆದ್ದರಿಂದ ಶಾಲಿಗೇನೂ ಕೊರತೆಯಿರಲಿಲ್ಲ. ಹಿಂದಿನ ಅಧ್ಯಕ್ಷ ಅಣವೀರಪ್ಪನವರು ಎಷ್ಟು ವರ್ಷವಾದರೂ ಕುರ್ಚಿ ಬಿಡಲೊಲ್ಲದಾಗ, ಒಂದು ವಾರ್ಷಿಕೋತ್ಸವದಲ್ಲಿ ಇವರು ವೇದಿಕೆಯ ಮೇಲೆ ಅವರಿಗೆ ಭಾರಿ ಶಾಲೊಂದನ್ನು ಹೊದಿಸಿ, ಸನ್ಮಾನವಾದ ಹಿರಿಯರಿಗೆ ಇನ್ನು ದುಡಿಯುವ ತ್ರಾಸು ಬೇಡ, ಅವರು ನಮಗೆ ಸಲಹೆ ಕೊಡುತ್ತ ಸುಖವಾಗಿರಲಿ ಎಂದು ಮೈಕಿನಲ್ಲಿ ಸಾರಿಬಿಟ್ಟರು. ಜನ ಚಪ್ಪಾಳೆ ತಟ್ಟಿತು. ನಮ್ಮ ಜನರಲ್ಲಿ ಮೈಕಿನಲ್ಲಿ ಹೇಳಿ ಚಪ್ಪಾಳೆ ಬಿದ್ದ ಮಾತೆಂದರೆ ಕಾಯಿದೆಯೇ. ಅಣವೀರಪ್ಪನವರು ಶಾಲಿನೊಳಗಿಂದ ಕೈ ಹೊರಗೆ ತೆಗೆಯುವಷ್ಟರಲ್ಲಿ ಕುರ್ಚಿ ಹೋಗಿತ್ತು. ಆಮೇಲೆ, ಊರಿಂದ ಬರುವ ರೋಗಿಗಳನ್ನು ಸ್ಟೇಷನ್ನಿನಲ್ಲಿ ಇಳಿಸಿಕೊಳ್ಳುತ್ತಿದ್ದ ಶಾಂತಪ್ಪನಿಗೂ ಶಾಲು ಬಿತ್ತು. ಈಗ ಅವನು ಸೋಫಾದ ಮೇಲೆ ಕೂತು ಬಡೀಸೋಪು ಅಗಿಯುತ್ತಾನೆ.

ಈ ಸಲದ ಶಾಲು ಗಂಗುಬಾಯಿಗೆ ಎಂದು ತೀರ್ಮಾನವಾಗಿತ್ತು.

ಗಂಗುಬಾಯಿ ಇಂಡಿ ತಾಲೂಕಿನವಳು. ಮದುವೆಯಾಗಿ ಕಾಂದಿವಲಿಗೆ ಬಂದವಳು ಇಲ್ಲೇ ಮಗನನ್ನು ದೊಡ್ಡವನನ್ನಾಗಿ ಮಾಡಿ, ಇಲ್ಲೇ ಗಂಡನನ್ನು ಕಳೆದುಕೊಂಡು, ಇಲ್ಲೇ ಮೊಣಕಾಲು ನೋವನ್ನೂ ಗಳಿಸಿಕೊಂಡಿದ್ದಳು. ಪರೇಲಿನ ದೊಡ್ಡ ಆಸ್ಪತ್ರೆಗೆ ಊರ ಕಡೆಯಿಂದ ಬರುವ ರೋಗಿಗಳ ಜೊತೆಯವರಿಗೆಂದು ಪ್ರತಿಷ್ಠಾನ ಅಲ್ಲೇ ಸಾಲುಮನೆಗಳ ಚಾಳೊಂದರಲ್ಲಿ ಅಡುಗೆಮನೆ ನಡೆಸುತ್ತದೆ. ಜೋಳದ ರೊಟ್ಟಿ ಬಡಿಯುವ ಉಸ್ತುವಾರಿ ರುಕ್ಮಿಣಿಬಾಯಿಯದು. ಕಾಯಿಪಲ್ಯ ತರುವುದು ಗಂಗುಬಾಯಿಯ ಪಾಲು. ತರುವುದೆಂದರೆ ಕೊಂಡು ತರುವುದಲ್ಲ. ಬೆಳಗಿನ ಲೋಕಲ್ ಹಿಡಿದು, ದಾದರಿನಲ್ಲಿ ಬದಲಿಸಿ, ಬೈಕುಲ್ಲಾದ ಸಗಟು ಮಾರ್ಕೆಟ್ಟಿಗೆ ಹೋಗಿ ವ್ಯಾಪಾರಿಗಳಿಂದ ದಾನವಾಗಿ ಎತ್ತಿಕೊಂಡು ಬರುವುದು.

ಅವಳು ಯಾರ ಮುಂದೆಯೂ ಕೈ ಚಾಚುತ್ತಿರಲಿಲ್ಲ. ಅವಳದೇ ಒಂದು ವರಸೆಯಿತ್ತು. ಬಟಾಟೆಯ ಶ್ರೀಮಂತ ಬೆಳಗಾವಿಯವನು, ಉಳ್ಳಾಗಡ್ಡಿಯ ಈರಣ್ಣ ವಿಜಯಪುರದವನು. ಇಬ್ಬರ ಗಾಳೆಗಳೂ, ಅಂದರೆ ಮಳಿಗೆಗಳೂ, ಎದುರುಬದುರು, ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರಾಗದು. ಗಂಗುಬಾಯಿ ಈರಣ್ಣನ ಮುಂದೆ ನಿಂತು, ಶ್ರೀಮಂತ ಇವತ್ತು ದೊಡ್ಡ ಮನಸ್ಸು ಮಾಡಿದ ನೋಡು, ಬೆಳಗಾವಿಯವರ ಕೈ ಭಾರಿ ಧಾರಾಳ ಎಂದು ನಿಟ್ಟುಸಿರು ಬಿಡುತ್ತಿದ್ದಳು. ಈರಣ್ಣ ತಾನೇ ಚೀಲ ತುಂಬುತ್ತಿದ್ದ. ಆ ತುಂಬಿದ ಚೀಲ ಹೊತ್ತು ಎದುರಿಗೆ ಹೋಗಿ ಶ್ರೀಮಂತನ ಮುಂದೆ ವಿಜಯಪುರದವರನ್ನು ಹೊಗಳುತ್ತಿದ್ದಳು. ಒಟ್ಟಿನಲ್ಲಿ ಚಾಳಿನ ಅಡುಗೆಮನೆಯಲ್ಲಿ ಪಲ್ಯಕ್ಕೆ ಎಂದೂ ಬರವಿರಲಿಲ್ಲ.

ಒಂದು ದಿನ ಈರಣ್ಣ ಮತ್ತು ಶ್ರೀಮಂತ ಮಳೆಗೆ ಸಿಕ್ಕಿ ಒಂದೇ ಚಹದಂಗಡಿಯಲ್ಲಿ ನಿಲ್ಲಬೇಕಾಯಿತು. ಮಾತಿಗೆ ಮಾತು ಬಂದು ಮುದುಕಿಯ ಆಟ ಹೊರಬಿತ್ತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅದೇನು ಚಟವೋ, ಮರುದಿನವೂ ಅವಳು ಅದೇ ಸುಳ್ಳು ಹೇಳಿದಳು, ಇವರು ಅದೇ ಚೀಲ ತುಂಬಿದರು. ಆದರೆ ಕತೆ ಬಾಯಿಂದ ಬಾಯಿಗೆ ಹೋಗಿ ನೀಲಕಂಠಪ್ಪನವರ ಕಿವಿಗೆ ಬಿತ್ತು. ಅವರಿಗೆ ನಗು ಬರಲಿಲ್ಲ. ಈಗ ದೊಡ್ಡ ದೊಡ್ಡ ಕಂಪನಿಯವರು ಪ್ರತಿಷ್ಠಾನಕ್ಕೆ ದೇಣಿಗೆ ಕೊಡುತ್ತಿದ್ದಾರೆ, ನಮ್ಮ ಕಾರ್ಯಕರ್ತೆ ಮಾರ್ಕೆಟ್ಟಿನಲ್ಲಿ ಸುಳ್ಳು ಹೇಳುತ್ತ ತಿರುಗಿದರೆ ಇಮೇಜ್ ಏನಾದೀತು ಎಂದು ಅವರು ಕಮಿಟಿಯಲ್ಲಿ ಕೇಳಿದರು. ಬೈದು ಬಿಡಿಸಿದರೆ ಜನ ಒಪ್ಪುವುದಿಲ್ಲ, ಸನ್ಮಾನ ಮಾಡಿ ಬಿಡಿಸಿದರೆ ಯಾರೂ ಏನೂ ಅನ್ನುವುದಿಲ್ಲ ಎಂಬುದು ಅವರ ಲೆಕ್ಕ.

ಕಾರ್ಯಕ್ರಮಕ್ಕೆ ಈ ವರ್ಷ ವಾರ್ಷಿಕೋತ್ಸವ ಎನ್ನದೆ ಗಾಲಾ ಎಂದು ಹೆಸರಿಟ್ಟಿದ್ದರು. ಅಂಧೇರಿಯ ಹೋಟೆಲಿನಲ್ಲಿ ಸೇವಕರಿಗೂ ದಾನಿಗಳಿಗೂ ಗೌರವ, ಆಮೇಲೆ ಊಟ. ಸುದ್ದಿ ತಿಳಿದ ಸೊಸೆ ಸೋನಾಲಿ ಅದೇ ಸಂಜೆ ಹೋಗಿ ಅತ್ತೆಗೊಂದು ಪೈಠಣಿ ಸೀರೆ ತಂದಳು. ಸೋನಾಲಿ ಮರಾಠಿಯವಳು, ಮನಸ್ಸು ಬಂಗಾರದಂಥದು. ಅತ್ತೆ ಈ ವಯಸ್ಸಿನಲ್ಲಿ ಲೋಕಲ್ಲಿನ ನೂಕುನುಗ್ಗಲಿನಲ್ಲಿ ಚೀಲ ಹೊರುವುದನ್ನು ನೆನೆದರೇ ಅವಳಿಗೆ ಜೀವ ಝಲ್ಲೆನ್ನುತ್ತಿತ್ತು. ಇನ್ನು ಮೇಲೆ ಆಯಿ ಆರಾಮಾಗಿ ಮನೆಯಲ್ಲಿ ಇರಲಿ ಎಂದು ಅವಳು ಸಂತೋಷಪಟ್ಟಳು.

ಗಂಗುಬಾಯಿ ಸೀರೆಯ ಅಂಚು ಸವರುತ್ತ ಕೂತಳು. ಮನೆಯಲ್ಲಿ ಮಗ ಅನಿಕೇತ್ ಮತ್ತು ಸೊಸೆ ಇಬ್ಬರೂ ಆಫೀಸಿಗೆ ಹೋದ ಮೇಲೆ ಸಂಜೆಯವರೆಗೆ ಅವಳ ಕಿವಿಗೆ ಬೀಳುವುದು ಲಿಫ್ಟಿನ ಸದ್ದೊಂದೇ. ಬೈಕುಲ್ಲಾದಲ್ಲಾದರೆ ಅವಳನ್ನು ಬೈಯುವವರಿದ್ದರು, ಅವಳಿಂದ ಬೈಸಿಕೊಳ್ಳುವವರಿದ್ದರು. ಪರೇಲಿನ ಚಾಳಿನಲ್ಲಿ ಊರ ಹೆಂಗಸರು ಅವಳ ಕೈ ಹಿಡಿದು ಅತ್ತು, ಅವಳ ಕೈಯಿಂದಲೇ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅದನ್ನು ಬಿಟ್ಟರೆ ತಾನು ಯಾರು ಎಂದು ಅವಳಿಗೇ ಗೊತ್ತಿರಲಿಲ್ಲ. ಅವಳಿಗೆ ಹೆದರಿಕೆಯಾಗಿತ್ತು, ನಿಜವಾದ ಹೆದರಿಕೆ.

ಹೆದರಿದರೂ ಸುಮ್ಮನಿರುವ ಪೈಕಿಯವಳಲ್ಲ ಅವಳು. ತನ್ನ ಹಳೇ ವರಸೆಯನ್ನೇ ಹೂಡಿದಳು. ನೀಲಕಂಠಪ್ಪನವರ ಅಂಗಡಿಗೆ ಹೋಗಿ, ನನಗೇನೋ ಸನ್ಮಾನ ಮಾಡುತ್ತೀರಿ, ಆದರೆ ರುಕ್ಮಿಣಿಬಾಯಿ ಮುಖ ಊದಿಸಿಕೊಂಡಿದ್ದಾಳೆ, ಅವಳಿಗೇ ಮಾಡಿಬಿಡಿ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ ಎಂದು ಹೇಳಿದಳು. ಅವರು ಕಪಾಟಿನಿಂದ ಇನ್ನೊಂದು ಶಾಲು ಎಳೆದು, ಹಾಗಾದರೆ ಇಬ್ಬರಿಗೂ ಆಗಲಿ ಎಂದರು. ಸಂಜೆಯೊಳಗೆ ರುಕ್ಮಿಣಿಬಾಯಿ ಹಿಟ್ಟಿನ ಕೈಯಲ್ಲೇ ಫೋನು ಹಿಡಿದು, ನಿನ್ನ ಉರಿಯುವ ಮನೆಗೆ ನನ್ನನ್ನೇಕೆ ಎಳೆಯುತ್ತೀ ಎಂದು ಹರಿಹಾಯ್ದಳು. ಗಂಗುಬಾಯಿ ಮತ್ತೆ ಅಂಧೇರಿಗೆ ಓಡಿ, ರುಕ್ಮಿಣಿಬಾಯಿ ಈಗ ಸಮಾಧಾನವಾಗಿದ್ದಾಳೆ, ಅವಳಿಗೆ ಏನೂ ಬೇಡವಂತೆ ಎಂದು ತಿದ್ದಿ ಬರಬೇಕಾಯಿತು. ಅಷ್ಟು ವರ್ಷಗಳಲ್ಲಿ ಅವಳ ಆಟ ಕೈಕೊಟ್ಟದ್ದು ಅದೇ ಮೊದಲು.

ಗಾಲಾದ ದಿನ ಬಂತು. ಹೋಟೆಲಿನಲ್ಲಿ ಕುರ್ಚಿಗಳಿಗೂ ಬಟ್ಟೆ ಉಡಿಸಿ ಬೆನ್ನಿಗೆ ಗಂಟು ಕಟ್ಟಿದ್ದರು. ಕಡ್ಡಿಗೆ ಚುಚ್ಚಿದ ಪನೀರಿನ ತುಂಡು ಹಿಡಿದು ವೇಟರುಗಳು ತಿರುಗುತ್ತಿದ್ದರು, ನಮ್ಮವರು ಕಡ್ಡಿ ಎಲ್ಲಿ ಬಿಸಾಡಬೇಕೆಂದು ತಿಳಿಯದೆ ಕಿಸೆಗೆ ಹಾಕಿಕೊಳ್ಳುತ್ತಿದ್ದರು. ಪೈಠಣಿ ಉಟ್ಟ ಗಂಗುಬಾಯಿಯನ್ನು ಮುಂದಿನ ಸೋಫಾದ ಮೇಲೆ, ಶಾಂತಪ್ಪನ ಪಕ್ಕದಲ್ಲಿ ಕೂರಿಸಿದರು. ಸೋಫಾ ಎಷ್ಟು ಮೆತ್ತಗಿತ್ತೆಂದರೆ ಕೂತವರು ಯಾರಾದರೂ ಎಳೆಯದೆ ಏಳುವಂತಿರಲಿಲ್ಲ.

ಶಾಂತಪ್ಪ ಅವಳ ಅಂಗೈಗೆ ಚೂರು ಬಡೀಸೋಪು ಹಾಕಿ, ಮೆಲ್ಲಗೆ ಹೇಳಿದ, “ಮೊದಲನೇ ವಾರ ಛಲೋ ಅನಸ್ತೈತಿ, ಗಂಗವ್ವಾ. ಆಮ್ಯಾಲ ಒಂದಿನ ಮುಂಜಾನೆ ಎದ್ದು ಚಪ್ಪಲಿ ಹಾಕ್ಕೊಂಡು ಬಾಗಲಾ ತಗೀತೀವಿ. ಆಗ ನೆನಪಾಗ್ತೈತಿ, ಹೋಗಾಕ ಎಲ್ಲೂ ಇಲ್ಲಂತ.”

ಅವನು ನಗುತ್ತಲೇ ಹೇಳಿದ. ಗಂಗುಬಾಯಿ ಮಾತ್ರ ಬಡೀಸೋಪನ್ನು ಬಾಯಿಗೆ ಹಾಕದೆ ಸೆರಗಿನ ತುದಿಗೆ ಕಟ್ಟಿಕೊಂಡಳು.

ಕಂಪನಿಯವರ ಭಾಷಣಗಳು ಮುಗಿದು, ದಾನಿಗಳ ಫೋಟೊಗಳು ಪರದೆಯ ಮೇಲೆ ಬಂದು ಹೋದವು. ಗಂಗುಬಾಯಿ ಚೀಲ ಹೊತ್ತ ಫೋಟೊ ಬಂದಾಗ ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಸೋನಾಲಿ ಮೊಬೈಲು ಎತ್ತಿ ಹಿಡಿದಳು. ಸೋಫಾದಿಂದ ಇಬ್ಬರು ಎಳೆದೆಬ್ಬಿಸಿದ ಮೇಲೆ ಗಂಗುಬಾಯಿ ವೇದಿಕೆ ಹತ್ತಿದಳು. ತಾಟಿನಲ್ಲಿ ಒಂದೇ ಶಾಲು, ಕೆಂಪು ಅಂಚಿನದು. ನೀಲಕಂಠಪ್ಪನವರು ಅದನ್ನು ಬಿಡಿಸಿ ಎರಡೂ ಕೈಯಲ್ಲಿ ಹಿಡಿದು ಮುಂದೆ ಬಂದರು.

ಗಂಗುಬಾಯಿ ಅಲ್ಲೇ ನಿಂತು ಶಾಲನ್ನೇ ನೋಡಿದಳು. ಎಂಥ ನೇಯ್ಗೆ, ಇಂಥ ಮಾಲು ಎಲ್ಲಿ ಸಿಗುತ್ತದೆ, ನಿಮ್ಮ ಅಂಗಡಿಯದೇ ಇರಬೇಕು ಎಂದು ಬೆರಗಾಗಿ ಕೇಳಿದಳು. ಬಟ್ಟೆಯ ವ್ಯಾಪಾರಿಗೆ ಅದಕ್ಕಿಂತ ಮಿಗಿಲಾದ ಮಾತು ಬೇರೆ ಏನಿದೆ? ಮುಟ್ಟಿ ನೋಡಲಿ ಎಂದು ಅವರು ಕೈ ಸಡಿಲಿಸಿದರು. ಶಾಲು ಗಂಗುಬಾಯಿಯ ಕೈಗೆ ಬಂತು. ಇನ್ನೊಂದು ಕೈಗೆ ಮೈಕು ಬಂತು.

“ಎಲ್ಲಾರಿಗೂ ಶರಣು,” ಎಂದಳು. “ನಾ ಏನ್ ಮಾಡೀನಿ, ಬದನಿಕಾಯಿ ಹೊತ್ತೀನಿ. ಇಷ್ಟು ವರ್ಷ ಎಲ್ಲಾರಿಗೂ ಶಾಲು ಹೊದಿಸಿದ ಮನಷ್ಯಾಗ ಇವತ್ತಿನ ತನಕ ಒಬ್ಬರಾದ್ರೂ ಶಾಲು ಹೊದಿಸ್ಯಾರೇನು? ನೆನಿಸಿದ್ರ ನನಗ ಸಂಕಟ ಆಗ್ತೈತಿ. ಇದು ಅಧ್ಯಕ್ಷರದು.”

ಹೇಳಿದವಳೇ ಮೈಕನ್ನು ತಾಟಿನಲ್ಲಿಟ್ಟು, ಹಿಮ್ಮಡಿ ಎತ್ತಿ ನಿಂತು ಶಾಲನ್ನು ನೀಲಕಂಠಪ್ಪನವರ ಹೆಗಲಿಗೆ ಹೊದಿಸಿ, ಎರಡೂ ತುದಿ ಎಳೆದು ಎದೆಯ ಮೇಲೆ ಸರಿಮಾಡಿದಳು, ಮಗನಿಗೆ ಮಾಡುವ ಹಾಗೆ.

ಯಾರಿಗೆ ಏನು ಬಿತ್ತು ಎಂದು ಎಲ್ಲರಿಗೂ ಏಕಕಾಲಕ್ಕೆ ಹೊಳೆದಿರಬೇಕು. ಮೊದಲ ಚಪ್ಪಾಳೆ ಶಾಂತಪ್ಪನದು. ಅಷ್ಟು ವರ್ಷದಲ್ಲಿ ಅವನು ಯಾರ ಸಹಾಯವೂ ಇಲ್ಲದೆ ಮುಂದಿನ ಸಾಲಿನ ಸೋಫಾದಿಂದ ಎದ್ದದ್ದು ಅದೊಂದೇ ಸಲ. ಅವನ ಹಿಂದೆ ಇಡೀ ಹಾಲ್ ಎದ್ದು ನಿಂತಿತು. ಉಪಾಧ್ಯಕ್ಷ ಸಂದೀಪ ಮೈಕಿನ ಹತ್ತಿರ ಬರಲು ತಡಮಾಡಲಿಲ್ಲ. ಪದ್ಧತಿಯಂತೆ ನಮ್ಮ ಪ್ರೀತಿಯ ಅಧ್ಯಕ್ಷರನ್ನು ಸಲಹಾ ಮಂಡಳಿಗೆ ತುಂಬು ಹೃದಯದಿಂದ ಬರಮಾಡಿಕೊಳ್ಳುತ್ತೇವೆ, ಅವರಿಗೆ ಇನ್ನು ದುಡಿಯುವ ತ್ರಾಸು ಬೇಡ ಎಂದು ಸಾರಿದ. ಮತ್ತೆ ಚಪ್ಪಾಳೆ. ನೀಲಕಂಠಪ್ಪನವರ ಕೈ ಶಾಲಿನ ಅಂಚಿನವರೆಗೆ ಹೋಗಿ ಅಲ್ಲೇ ನಿಂತಿತು. ತಾಯಿಯ ವಯಸ್ಸಿನವಳು ಹೊದಿಸಿದ ಶಾಲನ್ನು ಸಭೆಯ ಮುಂದೆ ಕಿತ್ತೆಸೆಯುವುದು ಹೇಗೆ? ಅವರನ್ನು ಕೈಹಿಡಿದು ಇಳಿಸಿ ಅಣವೀರಪ್ಪನವರ ಪಕ್ಕದಲ್ಲಿ ಕೂರಿಸಿದರು. ಅಣವೀರಪ್ಪನವರು ಸರಿದು ಜಾಗ ಮಾಡಿಕೊಟ್ಟರು, ಬಹಳ ಪ್ರೀತಿಯಿಂದ.

ರಿಕ್ಷಾದಲ್ಲಿ ಮನೆಗೆ ಬರುವಾಗ ಸೋನಾಲಿಗೆ ನಗು ತಡೆಯಲಾಗಲಿಲ್ಲ. ನಕ್ಕು ಸುಸ್ತಾದ ಮೇಲೆ ಅವಳು ಅತ್ತೆಯ ಕೈ ಹಿಡಿದು, “ಆಯಿ, ನಂಗೆ ಠಾವೂಕ್ ನವ್ಹತಂ, ಗೊತ್ತೇ ಇರ್ಲಿಲ್ಲ. ಕೆಲಸ ಬಿಡೋದು ಇಷ್ಟ ಇಲ್ಲಾಂತ ನಂಗೆ ಹೇಳ್ಬೇಕಿತ್ತು” ಎಂದಳು. ಗಂಗುಬಾಯಿ ಸೊಸೆಯ ಕೈಯನ್ನು ಎಳೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

ಬೆಳಿಗ್ಗೆ ಎದ್ದಾಗ ಸೊಸೆಯೇ ಖಾಲಿ ಚೀಲಗಳನ್ನು ಮಡಚಿ ಬಾಗಿಲ ಬಳಿ ಇಟ್ಟಿದ್ದಳು, ಜೊತೆಗೆ ಮೊಣಕಾಲಿನ ಪಟ್ಟಿಯನ್ನೂ. ಗಂಗುಬಾಯಿ ಖುಷಿಯಿಂದ ಚಪ್ಪಲಿ ಮೆಟ್ಟಿದಳು. ಮೆಟ್ಟಿದ ಕೂಡಲೇ ಶಾಂತಪ್ಪನ ಮಾತು ನೆನಪಾಯಿತು. ಅಂಧೇರಿಯಲ್ಲಿ ಇನ್ನೊಬ್ಬರು ಈಗ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿರಬಹುದಲ್ಲ ಎಂದು ಹೊಳೆದು ಅವಳಿಗೆ ಕೆಡುಕೆನಿಸಿತು. ರೈಲಿನುದ್ದಕ್ಕೂ ಅದೇ ಯೋಚನೆ. ಗೆದ್ದ ರುಚಿ ದಾದರ್ ಬರುವಷ್ಟರಲ್ಲಿ ಇಳಿದುಹೋಗಿತ್ತು.

ಬೈಕುಲ್ಲಾದಲ್ಲಿ ಈರಣ್ಣನ ಗಾಳೆಯಿಂದ ಸ್ವಲ್ಪ ದೂರದಲ್ಲಿ ನೀಲಕಂಠಪ್ಪನವರು ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಕೆಸರಿಗೆ ಹೆದರಿ ಮೇಲೆತ್ತಿದ ಪ್ಯಾಂಟು, ಕೈಯಲ್ಲಿ ಉಬ್ಬಿದ ಬಟ್ಟೆಯ ಚೀಲ. ಅಂಗಡಿಯನ್ನು ಮಕ್ಕಳು ನೋಡಿಕೊಳ್ಳುತ್ತಾರೆ, ಪ್ರತಿಷ್ಠಾನವನ್ನು ಸಂದೀಪ ನೋಡಿಕೊಳ್ಳುತ್ತಾನೆ, ತನಗೆ ನಿದ್ದೆ ಬರಲಿಲ್ಲ ಎಂದು ಅವರು ತಾವಾಗಿಯೇ ಹೇಳಿಕೊಂಡರು. ಆಮೇಲೆ ಚೀಲದ ಬಾಯಿ ತೆರೆದು ಕೆಂಪು ಅಂಚಿನ ಶಾಲು ತೋರಿಸಿದರು.

“ಇದು ನಿಮ್ಮದರಿ, ಗಂಗುಬಾಯಾರ. ವಾಪಸ್ ತಗೋರಿ. ನನಗ ಬ್ಯಾಡ.”

ಗಂಗುಬಾಯಿ ಅವರ ಮುಖ ನೋಡಿದಳು. ಬೈಯಬೇಕೆಂದು ಬಂದ ಮುಖವಲ್ಲ ಅದು. ಶಾಲನ್ನು ಮತ್ತೆ ಒಳಕ್ಕೆ ತುರುಕಿ, ಚೀಲದ ಬಾಯಿ ಬಿಗಿದು ಕಟ್ಟಿದಳು.

“ನನಗೂ ಬ್ಯಾಡ. ಹೆಗಲಿಗೆ ಏರಿಸ್ರಿ,” ಎಂದಳು. “ತುಸು ಬಾಗಿ ನಡೀರಿ, ವಜ್ಜೆ ಹೊತ್ತವರಂಗ.”

ಮುಂದೇನೆಂದು ತಿಳಿಯದೆಯೇ ಅವರು ಚೀಲ ಹೊತ್ತು ಅವಳ ಹಿಂದೆ ನಡೆದರು. ಗಂಗುಬಾಯಿ ಈರಣ್ಣನ ಮುಂದೆ ನಿಂತು ಉದ್ದನೆಯ ನಿಟ್ಟುಸಿರು ಬಿಟ್ಟಳು. ಶ್ರೀಮಂತ ಇವತ್ತು ಏನು ದಾನ ಮಾಡಿದ ಅಂತೀ, ನನ್ನಿಂದ ಹೊರಲಾಗದೆ ನಮ್ಮ ಅಧ್ಯಕ್ಷರನ್ನೇ ಕರೆತರಬೇಕಾಯಿತು ಎಂದಳು. ಈರಣ್ಣ ಎದುರಿನ ಗಾಳೆಯ ಕಡೆ ನೋಡಿದ. ಶ್ರೀಮಂತ ಇನ್ನೂ ಬೀಗ ತೆಗೆಯುತ್ತಿದ್ದ. ಈರಣ್ಣ ಮೀಸೆಯೊಳಗೇ ನಗುತ್ತ ನೀಲಕಂಠಪ್ಪನವರ ಕಡೆ ತಿರುಗಿದ.

“ಹೌದೇನ್ರಿ ಸಾಹೇಬ್ರ? ಅದ್ರಾಗ ಬಟಾಟೆ ಐತೇನು?”

ನೀಲಕಂಠಪ್ಪನವರು ಗಂಗುಬಾಯಿಯನ್ನು ನೋಡಿದರು. ಅವಳು ಎತ್ತಲೋ ನೋಡುತ್ತಿದ್ದಳು. ಅವರು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿ, ಹಣೆಯ ಬೆವರು ಒರೆಸಿಕೊಂಡರು.

“ಭಾಳ ವಜ್ಜೆ ಐತಿ ನೋಡಪಾ,” ಎಂದರು.

ಈರಣ್ಣ ಉಳ್ಳಾಗಡ್ಡಿಯ ಚೀಲಕ್ಕೆ ಕೈ ಹಾಕಿದ.